‘ಜನತೆಯ ಇಚ್ಛೆ’ – ಯಾವ ಜನತೆ?

ನಮ್ಮ ಸಭೆಗಳ ಠರಾವುಗಳಲ್ಲಿ ‘ಇದು ಜನತೆಯ ಇಚ್ಛೆ’ ಎಂಬ ಮಾತು ರಾಜಮುದ್ರೆಯಂತೆ ಬಳಕೆಯಾಗುತ್ತಿದೆ. ಮುದ್ರೆ ಬಿದ್ದ ಮೇಲೆ ವಾದಕ್ಕೆ ಎಡೆಯಿಲ್ಲ. ಹೈದರಾಬಾದಿನಲ್ಲಿ ಬಾಳಿದ ಕನ್ನಡಿಗನಿಗಾದರೂ ಈ ಮಾತಿನ ಬಗೆಗೆ ಗುಮಾನಿ ಇರಬೇಕಿತ್ತು.

ಇಲ್ಲಿನ ಮಟ್ಟಿಗೆ ಆ ಮಾತಿಗೆ ಖಚಿತವಾದ ಅರ್ಥ ಕೊಡಲೆತ್ನಿಸಿದ್ದು 1955ರ ಫಜಲ್ ಅಲಿ ಆಯೋಗ. ತೆಲಂಗಾಣವು ಸದ್ಯಕ್ಕೆ ಪ್ರತ್ಯೇಕ ಹೈದರಾಬಾದ್ ರಾಜ್ಯವಾಗಿ ಉಳಿಯಲಿ. 1961ರ ಸುಮಾರಿನ ಸಾರ್ವತ್ರಿಕ ಚುನಾವಣೆಯ ಬಳಿಕ ಅದರ ಶಾಸಕರಲ್ಲಿ ಮೂರನೆಯ ಎರಡರಷ್ಟು ಮಂದಿ ಒಪ್ಪಿದರೆ ಆಂಧ್ರದೊಡನೆ ಕೂಡಲಿ ಎಂದಿತು. ಯಾರು, ಯಾವಾಗ, ಎಷ್ಟು – ಮೂರೂ ಸ್ಪಷ್ಟ. ಅಷ್ಟು ಸ್ಪಷ್ಟವಾಗಿದ್ದುದರಿಂದಲೇ ಅದು ಬೇಡವಾಯಿತೋ ಏನೋ! 1956ರ ನವೆಂಬರ್ 1ರಂದೇ ವಿಲೀನ ಮುಗಿದುಹೋಯಿತು. ಅಂದಿನ ಹೈದರಾಬಾದ್ ವಿಧಾನಸಭೆಯ ಚರ್ಚೆಯಲ್ಲಿ ಬಹುಮತ ವಿಲೀನದ ಕಡೆಗಿತ್ತಲ್ಲ ಎನ್ನುವವರುಂಟು. ಇತ್ತು, ನಿಜ. ಆದರೆ ಆ ಸಭೆಯಲ್ಲಿ ಬೀದರ, ಗುಲ್ಬರ್ಗ, ರಾಯಚೂರುಗಳ ಪ್ರತಿನಿಧಿಗಳೂ ಮರಾಠವಾಡದವರೂ ಕುಳಿತಿದ್ದರು. ಮನೆ ಬಿಟ್ಟು ಹೊರಡಲಿದ್ದವರು ಉಳಿಯುವವರ ಸಂಬಂಧವನ್ನು ಗೊತ್ತುಮಾಡಿದಂತಾಯಿತು.

2014ರಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯಿತು. ಜನವರಿಯಲ್ಲಿ ಅವಿಭಜಿತ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ಉದಯಿಸಿತು. ಎರಡೂ ಪಕ್ಷಗಳ ಬಾಯಲ್ಲಿ ಜನತೆಯ ಇಚ್ಛೆಯೇ. ಗೆರೆಯನ್ನು ಎಲ್ಲಿ ಎಳೆಯುತ್ತೀರೋ ಬಹುಮತ ಅಲ್ಲಿ ಹುಟ್ಟುತ್ತದೆ.

ನಾವೇನು ಸಾಚಾಗಳೇ? ಆ ಮೂರು ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿದಾಗ ಜನಮತಗಣನೆ ನಡೆಯಲಿಲ್ಲವೆಂದು ನಾವಾರೂ ಕೊರಗಲಿಲ್ಲ. (ಸೇರಿದ್ದು ಸರಿಯೆಂದೇ ನನ್ನ ನಂಬಿಕೆ.) ಕಾಸರಗೋಡು ಕೇರಳದ ಪಾಲಾದಾಗ ಮಾತ್ರ ಜನತೆಯ ಇಚ್ಛೆ ನೆನಪಾಯಿತು. ಚಂದ್ರಗಿರಿ ನದಿಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಕಾರ್ಯಗತವಾಗಲಿಲ್ಲ. ಆ ನೋವು ನ್ಯಾಯವಾದದ್ದು. ಆದರೆ ಬೆಳಗಾವಿಯ ವಿಷಯದಲ್ಲಿ ಅದೇ ಮಾತನ್ನು ಮರಾಠಿಗರು ಆಡಿದಾಗ ನಮ್ಮ ಕಿವಿ ಮಂದವಾಗುವುದೇಕೆ?

ಇನ್ನು ಈ ನಗರದ ಕನ್ನಡಿಗ. ತೆಲುಗು, ಮರಾಠಿ, ಉರ್ದುಗಳ ಜೊತೆಗೆ ಒಂದು ರಾಜ್ಯದ ಪಾಲುದಾರನಾಗಿದ್ದವನು ಒಂದೇ ರಾತ್ರಿಯಲ್ಲಿ ಪರರಾಜ್ಯದ ಭಾಷಾ ಅಲ್ಪಸಂಖ್ಯಾತನಾದ. ಕಾಚಿಗೂಡದಲ್ಲಿ ಕುಳಿತಿದ್ದ ಅವನ ಇಚ್ಛೆ ಬೆಂಗಳೂರಿನ ಲೆಕ್ಕಕ್ಕೂ ಬರಲಿಲ್ಲ, ಇಲ್ಲಿನ ಲೆಕ್ಕಕ್ಕೂ ಬರಲಿಲ್ಲ.

ಮುಂದಿನ ಮಹಾಸಭೆಯಲ್ಲಿ ‘ಹೈದರಾಬಾದ್ ಕನ್ನಡಿಗರ ಇಚ್ಛೆ’ಯೆಂದು ಯಾರಾದರೂ ಠರಾವು ಮಂಡಿಸಿದರೆ, ಸಭೆಗೆ ಬಂದವರೆಷ್ಟು, ಬಾರದವರನ್ನು ಕೇಳಿದ್ದು ಹೇಗೆಂದು ನಾನು ಎದ್ದು ನಿಂತು ಕೇಳಲಿದ್ದೇನೆ. ಅಧ್ಯಕ್ಷರು ಈಗಲೇ ಉತ್ತರ ಸಿದ್ಧಪಡಿಸಿಕೊಳ್ಳಬಹುದು.