ಸೊಳ್ಳೆಗೊಂದು ವೈರಸ್: ಮನುಷ್ಯನಿಗೆ ಅದೇ ಮದ್ದೆ?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುತ್ತಾರೆ. ಸೊಳ್ಳೆ ಹರಡುವ ಚಿಕುನ್‌ಗುನ್ಯಾಕ್ಕೆ ಸೊಳ್ಳೆಯ ಹೊಟ್ಟೆಯಿಂದಲೇ ಮದ್ದು ಸಿಕ್ಕೀತೆ? ಸಿಕ್ಕರೂ ಸಿಕ್ಕೀತು ಎಂಬ ಹಂತಕ್ಕೆ ವಿಜ್ಞಾನಿಗಳು ಬಂದು ನಿಂತಿದ್ದಾರೆ.

2006ನೇ ಇಸವಿಯನ್ನು ರಾಜ್ಯದ ಜನ ಮರೆತಿಲ್ಲ. ಆ ವರ್ಷ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಮಂದಿಗೆ ಚಿಕುನ್‌ಗುನ್ಯಾ ಬಂದಿರುವ ಶಂಕೆ ದಾಖಲಾಯಿತು. ಇಡೀ ದೇಶದ ಲೆಕ್ಕದಲ್ಲಿ ಇದು ಅರ್ಧಕ್ಕಿಂತ ಜಾಸ್ತಿ! ಜ್ವರವೇನೋ ನಾಲ್ಕಾರು ದಿನಕ್ಕೆ ಇಳಿಯುತ್ತದೆ. ಕೀಲುನೋವು ಮಾತ್ರ ಎಷ್ಟೋ ಜನರನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಬೇಕಾದವನಿಗೆ, ಗಲ್ಲಾ ಮುಂದೆ ಕೂತು ಏಳಬೇಕಾದವನಿಗೆ ಅದರ ಕಷ್ಟ ಗೊತ್ತು.

ಮದ್ದಿನ ಕಥೆ ಶುರುವಾಗುವುದು ಮಾತ್ರ ದೂರದ ಇಸ್ರೇಲಿನಲ್ಲಿ. 1982ರಿಂದ 1984ರವರೆಗೆ ಅಲ್ಲಿನ ನೆಗೆವ್ ಮರುಭೂಮಿಯಲ್ಲಿ ಸೊಳ್ಳೆ ಹಿಡಿದು, ಅವುಗಳಲ್ಲಿ ಯಾವ ಯಾವ ವೈರಸ್ ಇವೆ ಎಂದು ಪರೀಕ್ಷಿಸಿದರು. ಅನಾಫಿಲಿಸ್ ಸೊಳ್ಳೆಗಳ ಒಂದು ಮಾದರಿಯಲ್ಲಿ ಸಿಕ್ಕಿದ್ದು ವಿಚಿತ್ರ ಆಸಾಮಿ. ಸೊಳ್ಳೆಯ ಜೀವಕೋಶದಲ್ಲಿ ಸುಖವಾಗಿ ಬೆಳೆಯುತ್ತದೆ. ಪ್ರಾಣಿಗಳ ಜೀವಕೋಶಕ್ಕೆ ಹಾಕಿದರೆ ಜಪ್ಪಯ್ಯ ಎಂದರೂ ಬೆಳೆಯದು. ಮನುಷ್ಯನಿಗೆ ತೊಂದರೆ ಕೊಡದ ವೈರಸ್ ಕಟ್ಟಿಕೊಂಡು ಆಗಬೇಕಾದ್ದೇನು ಅಂತ ಮಾದರಿಯನ್ನು ಬಿಸಾಡಲಿಲ್ಲ, ಜೋಪಾನ ಮಾಡಿದರು. ಫಲ ಸಿಕ್ಕಿದ್ದು ಅಲ್ಲೇ.

ದಾಯಾದಿ, ಆದರೆ ಸಾಧು

2012ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಈ ವೈರಸ್ಸಿನ ಜಾತಕ ಪ್ರಕಟಿಸಿದರು. ಜಾತಕವೆಂದರೆ ಅದರ ಆರ್‌ಎನ್‌ಎ ಸರ. ಅದರಲ್ಲಿರುವುದು ನಾಲ್ಕೇ ಬಗೆಯ ಅಕ್ಷರ. ಸಾಲಿನ ಉದ್ದ ಮಾತ್ರ 11 ಸಾವಿರಕ್ಕೂ ಮೇಲೆ. ಅಕ್ಷರಗಳು ಬರುವ ಕ್ರಮ ನೋಡಿದರೆ ವೈರಸ್ ಯಾವ ಮನೆತನದ್ದು ಎಂದು ಹೇಳಬಹುದು. ನೋಡಿದರೆ ಇದು ಚಿಕುನ್‌ಗುನ್ಯಾದ ದಾಯಾದಿ, ಆಲ್ಫಾವೈರಸ್ ಕುಲದ್ದು! ಎಯಿಲಾಟ್ ವೈರಸ್ ಎಂದು ನಾಮಕರಣವಾಯಿತು. ಇದರ ಆರ್‌ಎನ್‌ಎಯನ್ನು ಪ್ರಾಣಿಯ ಜೀವಕೋಶದೊಳಕ್ಕೆ ಬಲವಂತವಾಗಿ ತುರುಕಿದರೂ ಅದು ಮರಿ ಹಾಕಲಿಲ್ಲ.

ಇಲ್ಲೇ ಉಪಾಯ ಹೊಳೆದದ್ದು. ಒಳಗಿನ ಯಂತ್ರ ಎಯಿಲಾಟಿನದ್ದು, ಮೇಲಿನ ಅಂಗಿ ಚಿಕುನ್‌ಗುನ್ಯಾದ್ದು. ಹೀಗೊಂದು ವೇಷಧಾರಿಯನ್ನು ತಯಾರು ಮಾಡಿದರು. ದೇಹ ಅಂಗಿ ನೋಡಿ ಕಳ್ಳನನ್ನು ಗುರುತಿಟ್ಟುಕೊಳ್ಳುತ್ತದೆ, ಒಳಗಿರುವವನು ಕೈಲಾಗದವನು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಡೋಸ್ ಇಲಿಗಳನ್ನೂ ಕೋತಿಗಳನ್ನೂ ಚಿಕುನ್‌ಗುನ್ಯಾದಿಂದ ಕಾಪಾಡಿತು.

ಈ ಸಾಧುತನದ ಬೆಲೆ ಸಣ್ಣದಲ್ಲ. ಚಿಕುನ್‌ಗುನ್ಯಾ ವೈರಸ್ಸನ್ನೇ ದುರ್ಬಲಗೊಳಿಸಿ ಮಾಡಿದ ಲಸಿಕೆಯೊಂದಕ್ಕೆ ಅಮೆರಿಕ 2023ರ ನವೆಂಬರಿನಲ್ಲಿ ಪರವಾನಗಿ ಕೊಟ್ಟಿತ್ತು. ಗಂಭೀರ ಅಡ್ಡ ಪರಿಣಾಮಗಳ ವರದಿ ಬಂದ ಮೇಲೆ 2025ರ ಆಗಸ್ಟಿನಲ್ಲಿ ಅದನ್ನು ಅಮಾನತು ಮಾಡಬೇಕಾಯಿತು. ಮನುಷ್ಯನಲ್ಲಿ ಬೆಳೆಯಲಾರದ ವೈರಸ್ಸಿನ ಮೇಲೆ ವಿಜ್ಞಾನಿಗಳಿಗೆ ಕಣ್ಣು ಯಾಕೆ ಎಂಬುದು ಇದರಿಂದ ತಿಳಿಯುತ್ತದೆ.

ಹಿತ್ತಲ ಗಿಡ

ಇದೆಲ್ಲ ಪರದೇಶದವರ ಸಾಹಸ ಎಂದುಕೊಂಡರೆ ತಪ್ಪು. ಇಂಥ ವೈರಸ್ ಹುಡುಕಲು, ಬೆಳೆಸಲು ಸೊಳ್ಳೆಯ ಜೀವಕೋಶ ಬೇಕು. ಈಡಿಸ್ ಸೊಳ್ಳೆಯ ಮರಿಗಳಿಂದ ಅಂಥ ಜೀವಕೋಶಗಳನ್ನು ಮೊದಲು ಬೆಳೆಸಿದವರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಕೆ.ಆರ್.ಪಿ. ಸಿಂಗ್ ಪ್ರಮುಖರು. 1967ರಲ್ಲಿ ಆ ವರದಿ ಅಚ್ಚಾದದ್ದು ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅದರ ಸಂತತಿಯ ಜೀವಕೋಶಗಳು ಇವತ್ತಿಗೂ ದೇಶವಿದೇಶದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವವರು ಇದನ್ನು ನೆನಪಿಡಬೇಕು. ಸೊಳ್ಳೆ ಹಿಡಿಯುವುದಕ್ಕೂ ಸರ್ಕಾರದ ದುಡ್ಡೇ ಎಂದು ನಗುವವರೂ ಅಷ್ಟೇ.

ಆದರೆ ಎಯಿಲಾಟಿನ ಲಸಿಕೆ ಇನ್ನೂ ಪೇಟೆಗೆ ಬಂದಿಲ್ಲ. ಚಿಕುನ್‌ಗುನ್ಯಾ ಬಂದರೆ ವೈರಸ್ ಕೊಲ್ಲುವ ಮಾತ್ರೆಯೂ ಇಲ್ಲ. ನೋವಿಗೆ ಗುಳಿಗೆ, ಮೇಲೆ ವಿಶ್ರಾಂತಿ, ಅಷ್ಟೆ. ರೋಗ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮೊಟ್ಟೆ ಇಡುವುದು ನಿಂತ ತಿಳಿನೀರಿನಲ್ಲಿ. ಅಂಗಡಿ ಹಿಂದಿನ ಹಳೇ ಟೈರು, ಎಳನೀರಿನ ಚಿಪ್ಪು, ಮುಚ್ಚಳವಿಲ್ಲದ ಡ್ರಮ್ಮು ಇವೇ ಅದರ ಹೆರಿಗೆ ಮನೆ. ವಾರಕ್ಕೊಮ್ಮೆ ಆ ನೀರು ಚೆಲ್ಲಲು ಯಾವ ವಿಜ್ಞಾನಿಯೂ ಬರಬೇಕಾಗಿಲ್ಲ.