ಹೊಗೆ ಆರಿದ ಮೇಲೂ ಉಳಿಯುವ ಉಸಿರಿನ ಪ್ರಶ್ನೆ

2025ರ ಸೆಪ್ಟೆಂಬರ್ 3ರಂದು ಸಭೆ ಸೇರಿದ ಜಿ.ಎಸ್.ಟಿ. ಮಂಡಳಿಯು ಸಿಗರೇಟಿನ ಮೇಲಿನ ತೆರಿಗೆಯನ್ನು ಶೇ. 28ರಿಂದ 40ಕ್ಕೆ ಏರಿಸಲು, ಬೀಡಿಯ ಮೇಲಿನ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. 2026ರ ಫೆಬ್ರವರಿ 1ರಿಂದ ಇದು ಜಾರಿಗೆ ಬಂದಿದೆ. ಬೀಡಿ ಕಟ್ಟುವವರ ಹೊಟ್ಟೆಪಾಡು ಮುಖ್ಯವೋ, ಸೇದುವವರ ಆರೋಗ್ಯ ಮುಖ್ಯವೋ ಎಂಬ ಹಳೆಯ ವಾದ ಇದರಿಂದ ಮತ್ತೆ ತಲೆಯೆತ್ತಿದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬೀಡಿ ಸುತ್ತಿಯೇ ಸಂಸಾರ ತೂಗಿಸಿದ ತಾಯಂದಿರನ್ನು ಬಲ್ಲ ನಮಗೆ ಈ ವಾದದ ಎರಡೂ ಬದಿಗಳು ಅರ್ಥವಾಗುತ್ತವೆ. ಆದರೆ ಈ ಚರ್ಚೆಯಲ್ಲಿ ಯಾರ ನೆನಪಿಗೂ ಬಾರದ ಒಂದು ವರ್ಗವಿದೆ. ಹಲವು ದಶಕ ಸೇದಿ ಈಗ ಬಿಟ್ಟಿರುವ ಅಥವಾ ಬಿಡಲು ಹೆಣಗುತ್ತಿರುವ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹಿರಿಯರ ವರ್ಗವದು.

ಧೂಮಪಾನದ ವಿರುದ್ಧದ ಕಾನೂನು ಹೋರಾಟದಲ್ಲಿ ಮುಂಬಯಿಗೆ ವಿಶೇಷ ಸ್ಥಾನವಿದೆ. ಈ ನಗರದ ನಾಯಕ ಮುರಳಿ ದೇವರಾ ಅವರು ಹೂಡಿದ ಅರ್ಜಿಯ ಮೇಲೆ 2001ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2003ರಲ್ಲಿ ತಂಬಾಕು ನಿಯಂತ್ರಣ ಕಾಯಿದೆ ಬಂದಿತು. 2008ರ ಅಕ್ಟೋಬರ್ 2ರಿಂದ ನಿಷೇಧದ ನಿಯಮಗಳು ಬಿಗಿಯಾದವು. 2016ರಲ್ಲಿ ಪೊಟ್ಟಣದ ಶೇ. 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರ ಆಕ್ರಮಿಸಿತು. ಕರ್ನಾಟಕವು 2025ರಲ್ಲಿ ತಂಬಾಕು ಖರೀದಿಯ ವಯೋಮಿತಿಯನ್ನು 21ಕ್ಕೆ ಏರಿಸಿತು. ಈ ಬಗೆಯ ಕ್ರಮಗಳಿಗೆ ಫಲವೂ ದೊರೆತಿದೆ ಎನ್ನಬಹುದು. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ 2009-10ರಲ್ಲಿ ಶೇ. 14ರಷ್ಟಿದ್ದ ವಯಸ್ಕ ಧೂಮಪಾನಿಗಳ ಪ್ರಮಾಣ 2016-17ರಲ್ಲಿ ಶೇ. 10.7ಕ್ಕೆ ಇಳಿದಿತ್ತು.

ಆದರೆ ಈ ಕ್ರಮಗಳ ಗುರಿ ನಾಳೆ ಸೇದಲಿರುವ ಸಿಗರೇಟು. ನಿನ್ನೆ ಸೇದಿದ್ದರ ಲೆಕ್ಕವನ್ನು ಶ್ವಾಸಕೋಶ ಇಪ್ಪತ್ತು, ಮೂವತ್ತು ವರ್ಷಗಳ ಬಳಿಕ ಒಪ್ಪಿಸುತ್ತದೆ. ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ ಈ ಕಾಯಿಲೆಯಲ್ಲಿ ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳ ಗೋಡೆ ಹಾಳಾಗಿ, ಒಳಗೆ ಹೋದ ಗಾಳಿ ಸರಾಗವಾಗಿ ಹೊರಬರುವುದಿಲ್ಲ. 1990ರಲ್ಲಿ ಸುಮಾರು 2.8 ಕೋಟಿಯಷ್ಟಿದ್ದ ಭಾರತದ ರೋಗಿಗಳ ಸಂಖ್ಯೆ 2016ರಲ್ಲಿ ಸುಮಾರು 5.5 ಕೋಟಿಗೆ ಏರಿತ್ತೆಂದು ಅಂದಾಜಿಸಲಾಗಿದೆ. ಒಲೆಯ ಹೊಗೆ, ಕೆಲಸದ ಸ್ಥಳದ ಧೂಳು, ನಗರದ ಕಲುಷಿತ ಗಾಳಿ ಇವುಗಳ ಪಾಲೂ ಇದರಲ್ಲಿದೆ. ಬೀಡಿ, ಸಿಗರೇಟಿನ ಪಾಲಂತೂ ನಿರ್ವಿವಾದ.

ನಮ್ಮ ಮನೆಗಳಲ್ಲಿ ಈ ಕಾಯಿಲೆ ಬಹುಕಾಲ ಹೆಸರಿಲ್ಲದೆಯೇ ಉಳಿಯುತ್ತದೆ. ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದು ಈ ಮಹಾನಗರದಲ್ಲಿ ನೆಲೆ ಕಟ್ಟಿಕೊಂಡ ತಲೆಮಾರಿನ ಅನೇಕರಿಗೆ ಬೀಡಿ, ಸಿಗರೇಟು ದಣಿವಾರಿಸುವ ಸಂಗಾತಿಯಾಗಿತ್ತು. ಅವರ ಬೆಳಗಿನ ಕೆಮ್ಮು, ಕಫವನ್ನು ಮನೆಯವರು ಅಭ್ಯಾಸವೆಂದು, ಏದುಸಿರನ್ನು ವಯೋಧರ್ಮವೆಂದು ಭಾವಿಸುತ್ತಾರೆ. ಕ್ಷ-ಕಿರಣ ಚಿತ್ರ ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಕೊಳವೆಗೆ ಜೋರಾಗಿ ಉಸಿರೂದಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆಯೇ ಇದನ್ನು ಖಚಿತಪಡಿಸುವ ಮಾರ್ಗ.

ಇಷ್ಟು ವರ್ಷ ಸೇದಿಯಾಯಿತು, ಇನ್ನು ಬಿಟ್ಟು ಫಲವೇನು ಎಂಬ ಮಾತು ಹಿರಿಯರಿಂದ ಆಗಾಗ ಕೇಳಿಬರುತ್ತದೆ. ಇದಕ್ಕೆ ಉತ್ತರ 1977ರಷ್ಟು ಹಿಂದೆಯೇ ದೊರೆತಿದೆ. ಲಂಡನ್ನಿನ ದುಡಿಯುವ ಪುರುಷರನ್ನು ವರ್ಷಗಟ್ಟಲೆ ಪರೀಕ್ಷಿಸಿದ ಫ್ಲೆಚರ್ ಮತ್ತು ಪೀಟೊ, ಸೇದುವುದನ್ನು ಬಿಟ್ಟವರಲ್ಲಿ ಶ್ವಾಸಕೋಶ ಕುಗ್ಗುವ ವೇಗ ಇಳಿಯುತ್ತದೆಂದು ತೋರಿಸಿದರು. ಕಳೆದುಕೊಂಡದ್ದು ಮರಳದು, ಉಳಿದಿರುವುದು ಹೆಚ್ಚು ಕಾಲ ಬಾಳುತ್ತದೆ. ತಂಬಾಕು ಬಿಡಲಿಚ್ಛಿಸುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಕೇಂದ್ರಗಳಲ್ಲೊಂದಾಗಿರುವುದು, ಮನಬಿಚ್ಚಿ ಮಾತಾಡಲು ಕನ್ನಡವೇ ಬೇಕೆನ್ನುವ ಹೊರನಾಡ ಹಿರಿಯರ ದೃಷ್ಟಿಯಿಂದ ಗಮನಾರ್ಹ.

ಇನ್ನು ದಿನನಿತ್ಯದ ನಿರ್ವಹಣೆಯ ಮಾತು. ಇನ್‌ಹೇಲರ್ ಚಟವಾಗಿಬಿಡುತ್ತದೆಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಆಧಾರರಹಿತ. ಮಾತ್ರೆಗಿಂತ ಕಡಿಮೆ ಪ್ರಮಾಣದ ಔಷಧವನ್ನು ಅದು ನೇರವಾಗಿ ಬೇಕಾದೆಡೆಗೆ ತಲುಪಿಸುತ್ತದೆ. ಆದರೆ ಬಳಸುವ ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ವೈದ್ಯರೆದುರು ಬಳಸಿ ತೋರಿಸುವುದು ಲೇಸು. ಉಸಿರು ಕಟ್ಟುತ್ತದೆಂದು ಹಿರಿಯರನ್ನು ಕುರ್ಚಿಯಲ್ಲೇ ಕೂರಿಸುವುದು ಪ್ರೀತಿಯಿಂದಲೇ ಮಾಡುವ ತಪ್ಪು. ನಡೆಯದ ಕಾಲಿನ ಬಲ ಕುಂದುತ್ತದೆ, ಬಲ ಕುಂದಿದಂತೆ ಸಣ್ಣ ಕೆಲಸಕ್ಕೂ ಏದುಸಿರು ಹೆಚ್ಚುತ್ತದೆ. ವೈದ್ಯರ ಸಲಹೆಯಂತೆ ನಿತ್ಯ ನಡಿಗೆ, ಮೂಗಿನಿಂದ ಉಸಿರೆಳೆದು ತುಟಿ ಕಿರಿದಾಗಿಸಿ ನಿಧಾನವಾಗಿ ಬಿಡುವ ಅಭ್ಯಾಸ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯಾ ವಿರುದ್ಧದ ಲಸಿಕೆ ಇವೆಲ್ಲ ಚಿಕಿತ್ಸೆಯ ಅಂಗಗಳೇ. ಕಫದ ಬಣ್ಣ ಬದಲಾದರೆ, ಏದುಸಿರು ದಿಢೀರನೆ ಹೆಚ್ಚಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ರಕ್ತದಲ್ಲಿ ಆಮ್ಲಜನಕ ತೀರಾ ತಗ್ಗಿದವರಿಗೆ ದಿನಕ್ಕೆ 15 ಗಂಟೆಗಳಿಗೆ ಕಡಿಮೆಯಿಲ್ಲದಂತೆ ನೀಡುವ ಆಮ್ಲಜನಕ ಆಯುಷ್ಯವನ್ನು ಹೆಚ್ಚಿಸುತ್ತದೆಂಬುದು 1980-81ರಲ್ಲೇ ಸಾಬೀತಾಗಿದೆ. ಆ ಕೋಣೆಯಲ್ಲಿ ಬೀಡಿ, ಸಿಗರೇಟು, ದೀಪ, ಊದುಬತ್ತಿ ಯಾವುದೂ ಉರಿಯಬಾರದು.

ನಮ್ಮ ವ್ಯವಸ್ಥೆಯ ಕೊರತೆ ಕಾಣುವುದು ಇಲ್ಲಿಯೇ. 2024ರ ಅಕ್ಟೋಬರ್ 29ರಿಂದ 70 ವರ್ಷ ದಾಟಿದವರೆಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಯೋಜನೆಯಡಿ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗಿನ ರಕ್ಷಣೆ ದೊರೆತಿರುವುದು ಸ್ವಾಗತಾರ್ಹ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚಕ್ಕೆ. ಈ ಕಾಯಿಲೆಯಾದರೋ ವರ್ಷದ ಬಹುಪಾಲು ಮನೆಯಲ್ಲಿಯೇ ವಾಸಿಸುತ್ತದೆ. ತಿಂಗಳು ತಿಂಗಳಿನ ಇನ್‌ಹೇಲರ್, ಆಮ್ಲಜನಕ ಯಂತ್ರದ ಬಾಡಿಗೆ, ವಿದ್ಯುತ್ ಬಿಲ್ಲು ಕುಟುಂಬದ ಹೆಗಲಿಗೇ ಬೀಳುತ್ತವೆ. ಹಣ ಸಾಲದೆ ಇನ್‌ಹೇಲರ್ ನಿಲ್ಲಿಸಿದವರು ಕೊನೆಗೆ ಆಸ್ಪತ್ರೆ ಸೇರಿದಾಗ ಸರ್ಕಾರ ಅದಕ್ಕಿಂತ ಎಷ್ಟೋ ಹೆಚ್ಚು ತೆರಬೇಕಾಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಕೆಲವು ಇನ್‌ಹೇಲರ್‌ಗಳು ಅಗ್ಗವಾಗಿ ಸಿಗುತ್ತವೆ. ಅಷ್ಟರಿಂದ ಈ ಕೊರತೆ ತುಂಬದು. ಸಿಗರೇಟಿನಿಂದ ಬರುವ ಹೆಚ್ಚುವರಿ ತೆರಿಗೆಯ ಒಂದು ಪಾಲನ್ನು ಇಂಥ ಔಷಧಗಳಿಗೆ, ಶ್ವಾಸಕೋಶ ಪುನಶ್ಚೇತನ ಕೇಂದ್ರಗಳಿಗೆ ಮೀಸಲಿಡಬೇಕೆಂದು ಕೇಳುವುದು ನ್ಯಾಯವಾದುದೆಂದೇ ನಮ್ಮ ಭಾವನೆ.

ಸರ್ಕಾರದತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತೆಯೂ ಇಲ್ಲ. ನಮ್ಮ ಸಂಘ ಸಂಸ್ಥೆಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಯ ಜೊತೆಗೆ ತರಬೇತಾದ ತಂತ್ರಜ್ಞರಿಂದ ಸ್ಪೈರೋಮೆಟ್ರಿಯನ್ನೂ ಸೇರಿಸಬಹುದು. ಇನ್‌ಹೇಲರ್ ಬಳಕೆಯನ್ನು ಕನ್ನಡದಲ್ಲಿ ಕಲಿಸಬಹುದು. ಬಳಕೆ ಮುಗಿದು ಅಟ್ಟ ಸೇರಿದ ಆಮ್ಲಜನಕ ಯಂತ್ರಗಳನ್ನು ದಾನಿಗಳಿಂದ ಪಡೆದು, ದುರಸ್ತಿ ಮಾಡಿಸಿ, ಅಗತ್ಯವಿದ್ದವರಿಗೆ ಎರವಲು ನೀಡಬಹುದು. ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ಯಕ್ಷಗಾನ, ಸಾಹಿತ್ಯ ಗೋಷ್ಠಿ ಏರ್ಪಡಿಸಿದರೆ ಯಾರು ಬರಲಾರರು ಎಂದು ಮುಂಚಿತವಾಗಿ ಯೋಚಿಸಬಹುದು. ಹಿಂದೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ಎರಡು ವರ್ಷಗಳಿಂದ ಸಭೆಗಳಿಗೆ ಬಂದಿಲ್ಲವೆಂದರೆ, ಅವರಿಗೆ ಆಸಕ್ತಿ ಕುಂದಿದೆಯೋ ಉಸಿರು ಕುಂದಿದೆಯೋ ಎಂದು ಹೋಗಿ ವಿಚಾರಿಸುವುದು ಸಂಘದ ಪದಾಧಿಕಾರಿಗಳ ಕರ್ತವ್ಯವಾಗಬೇಕು.