ಸತ್ತ ಮೇಲೆ ಸ್ಕ್ಯಾನರ್ ಹಿಡಿಯೋದು ಸಾಕು, ಮೊದಲೇ ನಿಧಿ ಕಟ್ಟಿ

ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಗೆಳೆಯರೇ,

ಹೊಸೂರು ಸಿಪ್ಕಾಟಿಗೋ, ಅತ್ತಿಬೆಲೆ, ಬೊಮ್ಮಸಂದ್ರಕ್ಕೋ ಶಿಫ್ಟಿಗೆ ಹೋಗ್ತೀರಿ. ಜೊತೆಗೆ ದುಡಿಯೋನು ಸತ್ತರೆ ಏನ್ ಮಾಡ್ತೀರಿ? ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ, 'ಓಂ ಶಾಂತಿ', ಕೆಳಗೆ ಯಾರದೋ ಒಬ್ಬರ ಸ್ಕ್ಯಾನರ್. ಎಲ್ಲರ ಜೊತೆ ನಗ್ತಾ ಇದ್ದವನ ಮನೆಗೆ ದುಡ್ಡು ಸೇರುತ್ತೆ. ಹೊಸಬನೋ, ಮಾತು ಕಮ್ಮಿಯವನೋ, ಕಾಂಟ್ರಾಕ್ಟ್‌ನವನೋ ಆದ್ರೆ ಹತ್ತು ಜನ ಹಾಕಿ ಮುಗೀತು. ಹೆಂಡತಿಗೆ ಎಷ್ಟು ಸಿಗಬೇಕು ಅನ್ನೋದು ಗಂಡನಿಗೆ ಎಷ್ಟು ಜನ ಸ್ನೇಹಿತರಿದ್ರು ಅನ್ನೋದರ ಮೇಲೆ ನಿಲ್ಲಬೇಕಾ? ಇದು ಪರಿಹಾರ ಅಲ್ಲ, ಭಿಕ್ಷೆ.

ಕರ್ನಾಟಕದ ಕೆಎಸ್‌ಆರ್‌ಟಿಸಿ ನೋಡಿ. ಅಲ್ಲಿ ನೌಕರರ ಕುಟುಂಬ ಕಲ್ಯಾಣ ಯೋಜನೆ ಇದೆ, ನೌಕರರೂ ಸಂಬಳದಲ್ಲಿ ವಂತಿಗೆ ಕಟ್ತಾರೆ. ಸೇವೆಯಲ್ಲಿದ್ದಾಗ ಸತ್ತವರ ಕುಟುಂಬಕ್ಕೆ ಮೊದಲು 3 ಲಕ್ಷ ಸಿಗ್ತಿತ್ತು, 2023ರ ನವೆಂಬರ್ 1ರಿಂದ ಅದನ್ನ 10 ಲಕ್ಷಕ್ಕೆ ಏರಿಸಿದ್ರು. ಹೃದಯಾಘಾತ, ಕ್ಯಾನ್ಸರ್‌ನಿಂದ ಸತ್ತರೂ ಕೊಡ್ತಾರೆ. ಅದು ಹಕ್ಕು.

ನಮ್ಮ ಫ್ಯಾಕ್ಟರಿ ಚಿಕ್ಕದು ಅಂತೀರಾ? ಲೆಕ್ಕ ಹಾಕಿ. 200 ಜನ, ತಿಂಗಳಿಗೆ ತಲಾ 50 ರೂಪಾಯಿ. ವರ್ಷಕ್ಕೆ 1,20,000. ಆಡಳಿತದವರೂ ಅಷ್ಟೇ ಹಾಕಲಿ ಅಂತ ಕೇಳಿ, 2,40,000 ಆಯ್ತು.

'ಪಿಎಫ್ ಇದೆಯಲ್ಲ, ನಿಧಿ ಯಾಕೆ?' ಅಂತಾರೆ. ಇದೆ, ನಿಜ. 1976ರ ಇಡಿಎಲ್‌ಐ ವಿಮೆಯಲ್ಲಿ ಗರಿಷ್ಠ 7 ಲಕ್ಷದವರೆಗೆ ಬರುತ್ತೆ, ಅದಕ್ಕೆ ನೌಕರ ಒಂದು ಪೈಸೆ ಕಟ್ಟಬೇಕಿಲ್ಲ. ಹೆಂಡತಿಗೆ, ಮಕ್ಕಳಿಗೆ ಪಿಂಚಣಿ ಇದೆ. ಸಾವಾದರೆ ಗ್ರಾಚ್ಯುಟಿಗೆ 5 ವರ್ಷದ ಷರತ್ತೂ ಇಲ್ಲ. ಆದರೆ ಎಲ್ಲದಕ್ಕೂ ಮರಣ ಪ್ರಮಾಣಪತ್ರ, ಫಾರಂ, ಓಡಾಟ. ಅಲ್ಲಿವರೆಗೆ ಮನೆ ಬಾಡಿಗೆ ಕಾಯುತ್ತಾ? ಬ್ಯಾಂಕ್ ಕೌಂಟರಲ್ಲಿ ಕೂತು ಆಗಾಗ ನೋಡ್ತೀನಿ: ನಾಮಿನಿ ಜಾಗ ಖಾಲಿ. ಕನ್ನಡ ಮಾತ್ರ ಓದೋಕೆ ಬರೋ ಹೆಂಗಸಿನ ಕೈಯಲ್ಲಿ ಇಂಗ್ಲಿಷ್ ಫಾರಂ. ನಿಧಿಯ ಮೊದಲ ಕೆಲಸ, 3 ದಿನದೊಳಗೆ 25,000 ರೂಪಾಯಿ ಮನೆಗೆ ತಲುಪಿಸೋದು. ಎರಡನೇ ಕೆಲಸ, ಆ ಫಾರಂ ತುಂಬಿಸಿ ಆಫೀಸಿಗೆ ಜೊತೆಗೆ ಹೋಗೋದು.

ದುಡ್ಡು ಒಬ್ಬರ ಸ್ವಂತ ಖಾತೆಯಲ್ಲಿ ಬೇಡವೇ ಬೇಡ. ಹೊಸೂರಿನಲ್ಲಾದರೆ 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ, ಸಂಘದ ಹೆಸರಲ್ಲೇ ಖಾತೆ ತೆಗೀರಿ. ಇಬ್ಬರ ಸಹಿ ಇಲ್ಲದೆ ಹಣ ಹೊರಗೆ ಹೋಗಬಾರದು. ತಿಂಗಳ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಹಾಕಿ. ಮೇನೇಜರ್ ಮನೆಗೂ ಹೆಲ್ಪರ್ ಮನೆಗೂ ಒಂದೇ ಮೊತ್ತ.

'ಕಾಂಟ್ರಾಕ್ಟ್‌ನವರು ಬೇಡ' ಅನ್ನೋರು ಇದ್ದೇ ಇರ್ತಾರೆ. ಒಪ್ಪಬೇಡಿ. ಅದೇ ಮೆಷಿನ್, ಅದೇ ನೈಟ್ ಶಿಫ್ಟ್. 'ನೀನು ನಮ್ಮವನಲ್ಲ' ಅನ್ನೋ ಮಾತು ಹೇಗೆ ಚುಚ್ಚುತ್ತೆ ಅಂತ ಗಡಿ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಮಿಳು, ತೆಲುಗು, ಉರ್ದು, ಹಿಂದಿ, ಯಾವ ಮನೆಮಾತಿನವರಾದರೂ ಸೇರಿಸಿ.

ಮುಂದಿನ ಸಂಬಳದ ದಿನ ಹತ್ತು ಜನ ಕೂತು ಮಾತಾಡಿ, ಶುರು ಮಾಡಿ. ಅದಕ್ಕೂ ಮೊದಲು ಇವತ್ತೇ ನಿಮ್ಮ ಪಿಎಫ್ ನಾಮಿನಿ ಯಾರು ಅಂತ ನೋಡಿಕೊಳ್ಳಿ. ಮದುವೆಗೆ ಮುಂಚೆ ಬರೆಸಿದ್ದು ಮದುವೆ ಆದ ಮೇಲೆ ನಡೆಯಲ್ಲ.